ಮನೆ, ಮಠ, ಶಾಲೆ: ಚಿಕ್ಕೋಡಿ-ಅಥಣಿ ಸೀಮೆಯ ವಿದ್ಯಾಭ್ಯಾಸದ ವಿಚಾರ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿಯೇ ಓದಿಸಿದರೆ ಆಗದೆ, ಎಂಬ ಪ್ರಶ್ನೆಯು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಕೇಳಬರಹತ್ತಿದೆ. ದೊಡ್ಡ ಪಟ್ಟಣಗಳಲ್ಲಿ ಕೆಲವು ತಂದೆತಾಯಿಗಳು ಇದನ್ನು ನಡೆಸಿ ನೋಡಿಯೂ ಇರುವರು. ಇವರ ವಿಚಾರಕ್ಕೆ ಮೂಲವಾದ ಗ್ರಂಥಗಳು ಪಶ್ಚಿಮದಿಂದ ಬಂದವು. ಇವಾನ್ ಇಲಿಚ್ ಎಂಬ ಪಂಡಿತನು 1971ರಲ್ಲಿ, ಸಮಾಜವನ್ನು ಶಾಲೆಯ ಹಿಡಿತದಿಂದ ಬಿಡಿಸಬೇಕೆಂದು ಒಂದು ಪುಸ್ತಕವನ್ನು ಬರೆದನು. ಅಮೇರಿಕೆಯ ಶಿಕ್ಷಕನಾದ ಜಾನ್ ಹೋಲ್ಟನು 1977ರಲ್ಲಿ ಇದೇ ಉದ್ದೇಶಕ್ಕಾಗಿ ಒಂದು ಪತ್ರಿಕೆಯನ್ನು ಹೊರಡಿಸಿ, ಶಾಲೆಯಿಲ್ಲದೆ ಬೆಳೆಯುವ ಮಕ್ಕಳ ಮಾರ್ಗಕ್ಕೆ ಹೊಸದೊಂದು ಹೆಸರನ್ನೇ ಕೊಟ್ಟನು. ಇದನ್ನೆಲ್ಲ ಓದಿದ ನಮ್ಮವರಿಗೆ ಇದು ತೀರ ಹೊಸ ಸಂಗತಿಯಂತೆ ತೋರುವದು ಸಹಜವೇ.

ಆದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಹೊಸದಾದದ್ದು ಶಾಲೆಯೇ ಹೊರತು ಶಾಲೆಯಿಲ್ಲದ ಕಲಿಕೆಯಲ್ಲ. ಸರಕಾರದ ಶಾಲೆಯು ಇಲ್ಲಿ ಕಾಲಿರಿಸಿ ಇನ್ನೂ ಎರಡು ನೂರು ವರ್ಷಗಳು ತುಂಬಿಲ್ಲ. ಅದಕ್ಕೂ ಮೊದಲು ಅಕ್ಷರವಿದ್ದಿತು, ಲೆಕ್ಕವಿದ್ದಿತು, ಕಾವ್ಯ-ಪುರಾಣಗಳ ವಾಚನವಿದ್ದಿತು. ಅವೆಲ್ಲವೂ ಮನೆಯಲ್ಲಿ, ಮಠದಲ್ಲಿ, ಬಸದಿಯಲ್ಲಿ, ಕಸಬಿನ ಜಗಲಿಯಲ್ಲಿ ನಡೆಯುತ್ತಿದ್ದವು. ಆ ಕಾಲದ ಅನುಭವವು ಇಂದಿನ ಪ್ರಶ್ನೆಗೆ ಏನು ಉತ್ತರ ಕೊಡುವದೆಂಬದನ್ನು ನೋಡುವದೇ ಈ ಲೇಖದ ಉದ್ದೇಶ.

ಮೊದಲು ಮಾತಿನಿಂದಲೇ ಆರಂಭಿಸುವ. ನಮ್ಮ ಭಾಗದಲ್ಲಿ ಹಳಬರು ಇಂದಿಗೂ 'ಸಾಲಿ-ಮಠ' ಎಂದು ಜೋಡಿಸಿಯೇ ನುಡಿಯುವರು. 'ಸಾಲಿ-ಮಠ ಕಂಡಾವನಲ್ಲ' ಎಂದರೆ ಓದುಬರಹ ಅರಿಯದವನು. ಇಲ್ಲಿ ಮಠವೆಂದರೆ ಸ್ವಾಮಿಗಳ ವಾಸಸ್ಥಾನವೆಂಬ ಅರ್ಥವಷ್ಟೇ ಅಲ್ಲ. ಐಗಳು ಅಥವಾ ಪಂತೋಜಿಯು ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸುವ ಸ್ಥಳವೆಂದೂ ಅರ್ಥ. ಕೂಲಿ ಪಡೆದು ಕಲಿಸುತ್ತಿದ್ದುದರಿಂದ ಅದಕ್ಕೆ ಕೂಲಿಮಠವೆಂದು ಹೆಸರಾಯಿತು. ಮುಂಬಯಿ ಇಲಾಖೆಯ ಕಾಗದಪತ್ರಗಳಲ್ಲಿ ಅದನ್ನೇ ಗಾಂವಠಿ ಶಾಲೆಯೆಂದರು. ಈ ಮಠಕ್ಕೆ ಸ್ವಂತ ಕಟ್ಟಡವು ಬೇಕಾಗಿರಲಿಲ್ಲ. ಗುಡಿಯ ಪಡಸಾಲೆ, ಚಾವಡಿಯ ಮೂಲೆ, ಅನುಕೂಲಸ್ಥನೊಬ್ಬನ ಮನೆಯ ಕಟ್ಟೆ, ಇಷ್ಟು ಸಾಕಾಗುತ್ತಿತ್ತು.

ಅಲ್ಲಿಯ ಕ್ರಮವು ಸರಳವಾಗಿದ್ದಿತು. ಮಗುವು ಮೊದಲು ಹುಡಿಮಣ್ಣಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದು. ಕೈ ಕುದುರಿದ ಮೇಲೆ ಹಲಗೆ. ತರುವಾಯ ಬಳಪದಿಂದ ಕಡತದ ಮೇಲೆ ಬರೆಯುವದು. ಕಡತವೆಂದರೆ ಹುಣಿಸೆ ಬೀಜದ ಸರಿ ಮತ್ತು ಇದ್ದಲಿಯ ಕಪ್ಪು ಬಳಿದು ಮಡಿಕೆ ಹಾಕಿದ ಅರಿವೆ. ಬರೆದು ಅಳಿಸಿ ಮತ್ತೆ ಬರೆಯಲು ಬರುವಂಥಾದ್ದು. ಮಗ್ಗಿಗಳನ್ನು ಇಡೀ ಮಠವು ಒಂದೇ ದನಿಯಲ್ಲಿ ಕೂಗಿ ಬಾಯಿಪಾಠ ಮಾಡುತ್ತಿತ್ತು. ಅದರಲ್ಲಿ ಪೂರ್ಣಾಂಕಗಳ ಮಗ್ಗಿಗಳಲ್ಲದೆ ಪಾವಕಿ, ನಿಮಕಿ, ದೀಡಕಿ ಮುಂತಾದ ಕಾಲು, ಅರೆ, ಒಂದೂವರೆಗಳ ಮಗ್ಗಿಗಳೂ ಸೇರಿದ್ದವು; ಸಂತೆಯ ತೂಕ-ಅಳತೆ, ಬಡ್ಡಿಯ ಲೆಕ್ಕಗಳಿಗೆ ಇವೇ ಆಧಾರ. ಮುಂದುವರಿದ ಹುಡುಗನು ಹಿಂದಿನವರಿಗೆ ಕಲಿಸುವನು. ಅಮಾವಾಸ್ಯೆ-ಹುಣ್ಣಿವೆಗಳಿಗೆ ಬಿಡುವು. ಮಹಾನವಮಿಯಲ್ಲಿ ಹುಡುಗರು ಐಗಳನ್ನು ಮುಂದುಮಾಡಿಕೊಂಡು ಮನೆಮನೆಗೆ ಹೋಗಿ ಚೌಪದಿಗಳನ್ನು ಹಾಡುವರು. ಬಂದ ಕಾಳುಕಡಿ, ದುಡ್ಡು, ಧೋತರಗಳು ಐಗಳ ವರ್ಷದ ಸಂಭಾವನೆಯಾಗುವವು. ಸುಗ್ಗಿಯಲ್ಲಿ ಹೊಲಕ್ಕೆ ಹೋದ ಹುಡುಗನು ಸುಗ್ಗಿ ಮುಗಿದ ಮೇಲೆ ಬಂದು ತಾನು ಬಿಟ್ಟ ಪಾಠದಿಂದಲೇ ಮುಂದುವರಿಯಬಹುದಾಗಿತ್ತು. ಯಾಕಂದರೆ ಅಲ್ಲಿ ಇಯತ್ತೆಯೆಂಬದೊಂದು ಇರಲಿಲ್ಲ. ಒಬ್ಬೊಬ್ಬನ ಪಾಠವೂ ಅವನವನ ನಡಿಗೆಯಂತೆಯೇ ಸಾಗುತ್ತಿತ್ತು. ಇಂದು ಮನೆಯ ಶಿಕ್ಷಣದ ಪಕ್ಷಪಾತಿಗಳು ಬಯಸುವದೂ ಇದನ್ನೇ.

ಇದು ಒಂದು ಮಗ್ಗುಲು. ಅದೇ ಮಠದಲ್ಲಿ ಕೋದಂಡದ ಶಿಕ್ಷೆಯೂ ಇದ್ದಿತು. ಹುಡುಗನನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ತೂಗಹಾಕಿ ಹೊಡೆಯುವ ಕ್ರೂರ ಪದ್ಧತಿಯಿದು. ಬಾಯಿಪಾಠ ಮಾಡಿದ್ದರ ಅರ್ಥವು ಕಲಿತವನಿಗಾಗಲಿ ಕೆಲವೊಮ್ಮೆ ಕಲಿಸಿದವನಿಗಾಗಲಿ ತಿಳಿಯುತ್ತಿದ್ದಿಲ್ಲ. ಹಳೆಯದೆಂಬ ಮಾತ್ರದಿಂದ ಅದನ್ನು ಹೊಗಳಲಾಗದು.

ಈ ಮಠಗಳ ವಿಷಯವಾಗಿ ಕನ್ನಡ ನಾಡಿನಲ್ಲಿ ದೊರೆಯುವ ಅತ್ಯಂತ ವಿವರವಾದ ಲೇಖವು ನಮ್ಮ ಸೀಮೆಯದಲ್ಲ, ಬಳ್ಳಾರಿಯದು. ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋನು 1822ರಲ್ಲಿ ಪ್ರತಿಯೊಂದು ಜಿಲ್ಹೆಯಿಂದಲೂ ಇಂಥ ಶಾಲೆಗಳ ವರದಿಯನ್ನು ಬೇಡಿದನು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಹಿಡಿದ ಮನ್ರೋನೇ ಈತನು. ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು 1823ರ ಆಗಸ್ಟದಲ್ಲಿ ಕಳಿಸಿದ ಉತ್ತರದ ಪ್ರಕಾರ ಆ ಜಿಲ್ಹೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಉಳಿದವು ಇತರ ಭಾಷೆಗಳವು. ಮುಂದುವರಿದ ಹುಡುಗರಿಂದ ಹಿಂದಿನವರಿಗೆ ಕಲಿಸುವ ಮಿತವ್ಯಯದ ಪದ್ಧತಿಯನ್ನು ಆತನು ಮನಸಾರೆ ಮೆಚ್ಚಿ, ಇಂಗ್ಲಂಡದವರು ಅದನ್ನು ಅನುಕರಿಸಿದ್ದು ಯೋಗ್ಯವೆಂದನು. ಜನರ ಬಡತನವು ಹೆಚ್ಚಿದ್ದರಿಂದ ಅನೇಕರು ಮಕ್ಕಳನ್ನು ಓದು ಬಿಡಿಸಿ ದುಡಿಮೆಗೆ ಹಚ್ಚುತ್ತಿರುವರೆಂದೂ, ಕಂಪನಿ ಸರಕಾರದ ಆಡಳಿತದಿಂದ ಈ ಶಾಲೆಗಳಿಗೆ ಮೊದಲಿನ ಆಶ್ರಯವು ತಪ್ಪಿತೆಂದೂ ನಿರ್ಭೀತಿಯಿಂದ ಬರೆದನು.

ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆ ಜಿಲ್ಹೆಯ ಜನಸಂಖ್ಯೆ 9 ಲಕ್ಷ 27 ಸಾವಿರಕ್ಕೂ ಮಿಕ್ಕಿದ್ದಿತು. ಅಷ್ಟು ಜನರಲ್ಲಿ ಓದುತ್ತಿದ್ದ 6,641 ಮಕ್ಕಳೊಳಗೆ ಹೆಣ್ಣುಮಕ್ಕಳು ಕೇವಲ 60.

ಮನೆಯೊಳಗಿನ ವಿದ್ಯಾಭ್ಯಾಸದ ಲೆಕ್ಕವೂ ಆ ಕಾಲದಲ್ಲಿ ದೊರೆಯುವದು. ಮದ್ರಾಸ ಪಟ್ಟಣದಲ್ಲಿ ಶಾಲೆಗಳಲ್ಲಿ ಓದುವವರಿಗಿಂತ ಸುಮಾರು ಐದು ಪಟ್ಟು ಹೆಚ್ಚು, ಅಂದರೆ 27 ಸಾವಿರದಷ್ಟು ಹುಡುಗರು, ಮನೆಗಳಲ್ಲಿಯೇ ಕಲಿಯುತ್ತಿರುವರೆಂದು ವರದಿಯಾಯಿತು. ಮನ್ರೋನು 1826ರ ತನ್ನ ಟಿಪ್ಪಣಿಯಲ್ಲಿ ಈ ಅಂಕಿಯಲ್ಲಿ ತಪ್ಪಿರಬಹುದೆಂದು ಸಂಶಯಪಟ್ಟರೂ, ಮನೆಯಲ್ಲಿ ಬಂಧುಗಳಿಂದಲೂ ಖಾಸಗೀ ಶಿಕ್ಷಕರಿಂದಲೂ ಕಲಿಯುವವರು ಬಹು ಜನರಿರುವರೆಂಬದನ್ನು ಒಪ್ಪಿಕೊಂಡನು. ಇತ್ತ ಮುಂಬಯಿ ಇಲಾಖೆಯಲ್ಲಿ 1829ರ ಸುಮಾರಿಗೆ ಕೂಡಿಸಿದ ಲೆಕ್ಕದಲ್ಲಿ ಸುಮಾರು 47 ಲಕ್ಷ ಜನರಿಗೆ 1,705 ಶಾಲೆಗಳು, 35 ಸಾವಿರಕ್ಕೆ ತುಸು ಹೆಚ್ಚು ವಿದ್ಯಾರ್ಥಿಗಳು ಕಾಣುವರು. ಆ 1,705ರಲ್ಲಿ ಸರಕಾರದವು ಇಪ್ಪತ್ತೈದೇ.

ನಮ್ಮ ಸೀಮೆಯಲ್ಲಿ ಮನೆಯೇ ಪಾಠಶಾಲೆಯಾಗಿದ್ದ ಕುಲಗಳು ಯಾವವು? ಕುಳಕರ್ಣಿಯ ಮನೆಯಲ್ಲಿ ಮಗನು ತಂದೆಯ ಮಗ್ಗುಲಲ್ಲಿ ಕುಳಿತು ದಫ್ತರ ಬರೆಯಲು ಕಲಿಯುವನು. ಮೋಡಿ ಲಿಪಿಯೂ ಲಾವಣಿಯ ಲೆಕ್ಕವೂ ಅವನಿಗೆ ಹುಟ್ಟಿನಿಂದ ಬಂದ ಆಸ್ತಿ. ಜಂಗಮರ ಮನೆಗಳಲ್ಲಿ ವಚನ, ಪುರಾಣ, ಪಂಚಾಂಗಗಳು. ಜೈನ ಉಪಾಧ್ಯೆಗಳ ಮನೆಗಳಲ್ಲಿ ಸ್ತೋತ್ರ, ಪೂಜಾವಿಧಿ, ಹಳಗನ್ನಡದ ಓಲೆಗರಿಗಳು. ವೈದಿಕರ ಮನೆಗಳಲ್ಲಿ ವೇದಪಾಠ, ವ್ಯಾಪಾರಿಗಳ ಅಂಗಡಿಗಳಲ್ಲಿ ಖಾತೆ-ಕಿರ್ದಿಗಳು. ಮಠದ ಮಡಿಲಿನಲ್ಲಿಯೇ ಬೆಳೆದವರಿಗೆ ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836-1921) ಉತ್ತಮ ನಿದರ್ಶನ. ಅಥಣಿ ತಾಲೂಕಿನ ನದಿ ಇಂಗಳಗಾಂವಿಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಮಠದ ಆಶ್ರಯಕ್ಕೆ ಬಂದ ಅವರು ಪರೀಕ್ಷೆ-ಪದವಿಗಳ ಹಂಗಿಲ್ಲದೆ ನಾಡೇ ತಲೆವಾಗುವ ಜ್ಞಾನಿಗಳಾದರು.

ಇನ್ನೊಂದು ಮನೆಯಿದೆ, ಅದನ್ನು ವಿದ್ಯಾಭ್ಯಾಸದ ಇತಿಹಾಸದಲ್ಲಿ ಯಾರೂ ಎಣಿಸಿಲ್ಲ. ಅಥಣಿ, ನಿಪ್ಪಾಣಿ, ಮದಭಾವಿ, ನಿಡಗುಂದಿಗಳಲ್ಲಿ ಚರ್ಮದ ಕೆಲಸಗಾರರು ತಲೆತಲಾಂತರದಿಂದ ಮೆಟ್ಟುಗಳನ್ನು ಹೊಲಿಯುತ್ತ ಬಂದಿರುವರು. ಕೊಲ್ಲಾಪುರೀ ಚಪ್ಪಲಿಯೆಂದು ದೇಶವಿದೇಶಗಳಲ್ಲಿ ಮಾರಾಟವಾಗುವ ಸರಕಿನಲ್ಲಿ ಅಥಣಿಯವರ ಕೈಗೆಲಸದ ಪಾಲು ದೊಡ್ಡದು. ಈ ಕಸಬಿಗೆ ಭೌಗೋಲಿಕ ಗುರುತಿನ ಮಾನ್ಯತೆಯು ಕೊಲ್ಲಾಪುರದ ಸೀಮೆಗೆ ಮಾತ್ರವಲ್ಲದೆ ಬೆಳಗಾವಿ ಮೊದಲಾದ ಕರ್ನಾಟಕದ ನಾಲ್ಕು ಜಿಲ್ಹೆಗಳಿಗೂ ದೊರೆಯಿತು. ತೊಗಲನ್ನು ಹದಮಾಡುವದು, ಅಟ್ಟೆ ಕೊಯ್ಯುವದು, ಹೆಂಗಸರು ಎಳೆಗಳನ್ನು ಹೆಣೆದು ಹೊಲಿಯುವದು, ಇವನ್ನೆಲ್ಲ ಮಕ್ಕಳು ಮನೆಯ ಅಂಗಳದಲ್ಲಿ ನೋಡಿ ಮಾಡಿ ಕಲಿತರು. ಗುರುವೂ ಅಲ್ಲಿಯೇ, ಪರೀಕ್ಷೆಯೂ ಅಲ್ಲಿಯೇ. ಶಾಲೆಯಿಲ್ಲದ ಕಲಿಕೆಯೆಂದರೆ ಇದಕ್ಕಿಂತ ಶುದ್ಧವಾದ ಉದಾಹರಣೆಯು ದೊರೆಯಲಾರದು. ಆದರೆ ಇಷ್ಟೊಂದು ಜಾಣ್ಮೆಯುಳ್ಳ ಆ ಮನೆಯ ಹುಡುಗನಿಗೆ ಐಗಳ ಮಠದ ಕಟ್ಟೆಯನ್ನು ಹತ್ತುವ ಅಧಿಕಾರವಿದ್ದಿಲ್ಲ. ತಾನು ಹೊಲಿದ ಜೋಡಿನ ಬೆಲೆಯನ್ನು ಸಾಹುಕಾರನು ಖಾತೆಯಲ್ಲಿ ಎಷ್ಟೆಂದು ಬರೆದುಕೊಂಡನೆಂಬದನ್ನು ಓದಲು ಅವನಿಗೆ ಬರುತ್ತಿದ್ದಿಲ್ಲ.

ಹೆಣ್ಣುಮಕ್ಕಳ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ತಾಯಿಯಿಂದ ಮಗಳು ಕಲಿತ ಹಾಡುಗಳು ನೂರಾರು. ಕೃಷಿ, ಔಷಧ, ಅಡಿಗೆ, ಬಾಣಂತಿತನಗಳ ಅರಿವು ಅವಳಿಗೆ ಅಪಾರವಾಗಿದ್ದಿತು. ಅಕ್ಷರವೊಂದು ಮಾತ್ರ ಇದ್ದಿಲ್ಲ. ಇದರಿಂದ ನಿಷ್ಪನ್ನವಾಗುವದೇನೆಂದರೆ, ಮನೆಯು ತನ್ನಲ್ಲಿದ್ದುದನ್ನು ಮಗುವಿಗೆ ಚೆನ್ನಾಗಿ ಕೊಡಬಲ್ಲದು, ತನ್ನಲ್ಲಿಲ್ಲದ್ದನ್ನು ಕೊಡಲಾರದು. ಅಕ್ಷರವಿದ್ದ ಮನೆಯಲ್ಲಿ ಅಕ್ಷರವು ಬೆಳೆಯಿತು, ಇಲ್ಲದ ಮನೆಯಲ್ಲಿ ಇಲ್ಲವಾಗಿಯೇ ಉಳಿಯಿತು.

ಇಂಥ ಹೊತ್ತಿನಲ್ಲಿ ಸರಕಾರದ ಶಾಲೆಯು ಬಂದಿತು. ಬಂದದ್ದು ಸುಸೂತ್ರವಾಗಿಯೇನೂ ಅಲ್ಲ. ಪೇಶವೆಯರ ಕಾಲದಿಂದ ಕಚೇರಿಯ ವ್ಯವಹಾರವು ಮರಾಠಿಯಲ್ಲಿ ನಡೆದು ಬಂದದ್ದರಿಂದ, ಬೆಳಗಾವಿ ಜಿಲ್ಹೆಯಲ್ಲಿ ಕನ್ನಡ ಮಾತಾಡುವ ಹಳ್ಳಿಗಳಲ್ಲಿಯೂ ಮರಾಠಿ ಶಾಲೆಗಳೇ ತೆರೆದವು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿಯಾದರೆ ಮಗುವಿಗೆ ಶಾಲೆಯು ಪರದೇಶವೇ ಸರಿ. ಈ ಅನ್ಯಾಯವನ್ನು ಕಂಡು, ಮೇಲಧಿಕಾರಿಯಾದ ರಸೆಲ್ ಸಾಹೇಬನ ಬೆಂಬಲವನ್ನು ಪಡೆದು, ಊರೂರಲ್ಲಿ ಕನ್ನಡ ಶಾಲೆಗಳು ನೆಲೆಗೊಳ್ಳುವಂತೆ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1881ರಲ್ಲಿ ತೀರಿಕೊಂಡ ಆ ಮಹನೀಯರ ಋಣವನ್ನು ಬೆಳಗಾವಿ ಜಿಲ್ಹೆಯ ಕನ್ನಡಿಗರು ಮರೆಯಲಾರರು. 1865ರಲ್ಲಿ ಬೆಳಗಾವಿಯಿಂದ ಕನ್ನಡ ಶಿಕ್ಷಕರಿಗಾಗಿ ಒಂದು ಮಾಸಿಕವು ಹೊರಟಿತು. ಅದಕ್ಕಿಟ್ಟ ಹೆಸರು 'ಮಠಪತ್ರಿಕೆ'. ಸರಕಾರದ ಶಾಲೆಯ ಪತ್ರಿಕೆಗೆ ಐಗಳ ಮಠದ ಹೆಸರೇ ಬಂದುದು ಅರ್ಥಪೂರ್ಣವಾದ ಸಂಗತಿ. ಹೊಸ ಶಾಲೆಯು ಹಳೆಯ ಮಠದ ಮಗನೆಂದೇ ಜನರು ತಿಳಿದಿದ್ದರು. ಆ ಪತ್ರಿಕೆಯೇ ಮುಂದೆ ಧಾರವಾಡಕ್ಕೆ ಹೋಗಿ 'ಜೀವನ ಶಿಕ್ಷಣ'ವೆಂದು ಹೆಸರು ಪಡೆಯಿತು.

ಶಾಲೆಯ ಬಾಗಿಲು ತೆರೆದರೂ ಒಳಗೆ ಕುಳ್ಳಿರುವ ಹಕ್ಕು ಎಲ್ಲರಿಗೂ ಒಮ್ಮೆಲೆ ಬರಲಿಲ್ಲ. ಈ ವಿಷಯದಲ್ಲಿ ನಮ್ಮ ಐದು ತಾಲೂಕುಗಳೊಳಗೆ ರಾಯಬಾಗದ ಇತಿಹಾಸವು ವಿಶೇಷವಾದದ್ದು. ಅದು ಆಗ ಬ್ರಿಟಿಶ ಸೀಮೆಯಲ್ಲಿರದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನವು ವಿಲೀನವಾದ 1949ರ ವರೆಗೂ ಹಾಗೆಯೇ ಇದ್ದಿತು. ಆ ಸಂಸ್ಥಾನದ ಶಾಹೂ ಛತ್ರಪತಿಗಳು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿ, ಮಕ್ಕಳನ್ನು ಕಳಿಸದ ತಂದೆತಾಯಿಗಳಿಗೆ ದಂಡವನ್ನೂ ಗೊತ್ತುಪಡಿಸಿದರು. 1919ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಇದ್ದ ಬೇರೆ ಶಾಲೆಗಳನ್ನು ಮುಚ್ಚಿ, ಅವರನ್ನು ಎಲ್ಲರೊಡನೆ ಒಂದೇ ಶಾಲೆಯಲ್ಲಿ ಕುಳ್ಳಿರಿಸಬೇಕೆಂದು ಆಜ್ಞೆ ಮಾಡಿದರು. ಕಡ್ಡಾಯವೆಂಬ ಶಬ್ದವು ಇಂದಿನ ಸ್ವಾತಂತ್ರ್ಯಪ್ರಿಯರ ಕಿವಿಗೆ ಕಠೋರವಾಗಿ ಕೇಳಿಸುವದು. ಆದರೆ ಆ ದಿನ ಅದು ಯಾರ ಸ್ವಾತಂತ್ರ್ಯವನ್ನು ಕಸಿಯಿತು, ಯಾರಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು ಎಂಬದನ್ನು ತೂಗಿ ನೋಡಬೇಕು. ಮಗುವನ್ನು ಅಕ್ಷರದಿಂದ ದೂರವಿಡುವ ಅಧಿಕಾರವು ತಂದೆಗೂ ಊರಿಗೂ ತಪ್ಪಿತು. ಅಕ್ಷರ ಪಡೆಯುವ ಅಧಿಕಾರವು ಮಗುವಿಗೆ ಬಂದಿತು.

ಇದೇ ಹಂಬಲವು ನಿಪ್ಪಾಣಿಯಲ್ಲಿಯೂ ಮೊಳಗಿತು. ತಂಬಾಕಿನ ಪೇಟೆಯೆಂದು ಹೆಸರಾದ ಆ ಊರಿನಲ್ಲಿ 1925ರ ಏಪ್ರಿಲದಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತರ ಪರಿಷತ್ತು ಕೂಡಿತು. ಡಾಕ್ಟರ ಅಂಬೇಡಕರರು ಅದರ ಅಧ್ಯಕ್ಷರಾಗಿದ್ದರು. ತಮ್ಮ ಜನರು ವಿದ್ಯೆಯನ್ನು ಪಡೆದ ಹೊರತು ಉದ್ಧಾರವಿಲ್ಲವೆಂಬದು ಅವರ ಜೀವನದುದ್ದಕ್ಕೂ ಸಾರಿದ ಮಾತು. ಆ ಸಭೆಗೆ ಬಂದ ತಂದೆತಾಯಿಗಳಿಗೆ ಮನೆಯೋ ಶಾಲೆಯೋ ಎಂಬ ಆಯ್ಕೆಯೇ ಇದ್ದಿಲ್ಲ. ಶಾಲೆಯೊಂದೇ ಅವರಿಗಿದ್ದ ದಾರಿ.

ಇಷ್ಟಾದರೂ ಶಾಲೆಯೇ ಸರ್ವಸ್ವವೆನ್ನಲು ನಮ್ಮ ನೆಲವು ಒಪ್ಪಗೊಡದು. ಭೋಜದ ಪರಿಸರದಲ್ಲಿ 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರ ಶಾಲೆಯ ಓದು ಪ್ರಾಥಮಿಕ ಇಯತ್ತೆಗಳ ಆಚೆಗೆ ಸಾಗಲಿಲ್ಲ. ಆದರೂ ಧವಲಾದಿ ಸಿದ್ಧಾಂತ ಗ್ರಂಥಗಳನ್ನು ಉಳಿಸಲು ತಾಮ್ರಪಟಗಳ ಮೇಲೆ ಕೆತ್ತಿಸುವ ಮಹಾಕಾರ್ಯಕ್ಕೆ ಅವರೇ ಪ್ರೇರಕರಾದರು. ಸದಲಗೆಯಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಒಂಬತ್ತನೆಯ ಇಯತ್ತೆಗೆ ಶಾಲೆಯನ್ನು ಬಿಟ್ಟು ಗುರುವನ್ನು ಹುಡುಕಿ ಹೊರಟವರು. 1968ರಲ್ಲಿ ಅಜಮೇರದಲ್ಲಿ ದೀಕ್ಷೆ ಪಡೆದು, ತಾಯ್ನುಡಿಯಲ್ಲದ ಹಿಂದಿಯಲ್ಲಿ 'ಮೂಕಮಾಟಿ'ಯೆಂಬ ಮಹಾಕಾವ್ಯವನ್ನು ರಚಿಸಿದರು. ಇವರಿಬ್ಬರನ್ನು ನೆನೆದು, ಶಾಲೆಯನ್ನು ಬಿಟ್ಟರೆ ನಮ್ಮ ಮಕ್ಕಳೂ ಹೀಗಾಗುವರೆಂದು ಯಾರಾದರೂ ತಿಳಿದರೆ ಅದು ಭ್ರಮೆ. ಅವರಿಗೆ ಶಾಲೆಯು ತಪ್ಪಿತೇ ಹೊರತು ಗುರುವು ತಪ್ಪಲಿಲ್ಲ, ಗ್ರಂಥವು ತಪ್ಪಲಿಲ್ಲ, ಶಾಸ್ತ್ರವನ್ನು ಕೇಳುವ ಸಮಾಜವು ತಪ್ಪಲಿಲ್ಲ. ಶಾಲೆಯನ್ನು ಬಿಟ್ಟ ವಿದ್ಯಾಸಾಗರರೇ ಹೆಣ್ಣುಮಕ್ಕಳಿಗಾಗಿ 'ಪ್ರತಿಭಾಸ್ಥಲಿ' ಎಂಬ ವಸತಿಶಾಲೆಗಳಿಗೆ ಪ್ರೇರಣೆಯಿತ್ತರೆಂಬದನ್ನೂ ಮರೆಯಬಾರದು.

ಅದೇ ಸದಲಗೆಯ ಇನ್ನೊಬ್ಬ ಮಗನು ಮನೆ-ಶಾಲೆಗಳೆರಡರ ಫಲವನ್ನೂ ಉಂಡವನು. 1906ರಲ್ಲಿ ಹುಟ್ಟಿದ ಡಾಕ್ಟರ ಆದಿನಾಥ ನೇಮಿನಾಥ ಉಪಾಧ್ಯೆಯವರು ಪರಂಪರೆಯಿಂದ ಪೂಜಾರಿಗಳಾದ ಉಪಾಧ್ಯೆಗಳ ಮನೆತನದವರು. ಮನೆಯ ಸಂಸ್ಕಾರದ ಮೇಲೆ ಊರಿನ ಶಾಲೆ, ಅನಂತರ ಕಾಲೇಜಿನ ವ್ಯಾಸಂಗ ಕೂಡಿದಾಗ, ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ಜಗತ್ತೇ ಗೌರವಿಸುವ ಪಂಡಿತರು ಈ ಸೀಮೆಯಿಂದ ಹೊರಬಂದರು. 1935ರಲ್ಲಿ ಅವರು ಸಂಪಾದಿಸಿದ 'ಪ್ರವಚನಸಾರ'ವು ಪ್ರಸಿದ್ಧವಾಗಿದೆ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಮನೆಯು ಕೊಟ್ಟದ್ದನ್ನು ಶಾಲೆಯು ಕೆಡಿಸಲಿಲ್ಲ, ಬೆಳೆಸಿತು.

ಇತಿಹಾಸವು ತನ್ನ ಪಾಠವನ್ನು ಒಮ್ಮೊಮ್ಮೆ ಎರಡು ಸಲ ಹೇಳುವದು. 2020ರಲ್ಲಿ ಕೊರೋನಾ ಮಹಾಮಾರಿಯಿಂದ ಶಾಲೆಗಳೆಲ್ಲ ಮುಚ್ಚಿ, ನಾಡಿನ ಪ್ರತಿಯೊಂದು ಮಗುವೂ ಬೇಡವೆಂದರೂ ಮನೆಯಲ್ಲಿಯೇ ಓದಬೇಕಾಯಿತು. ಓದಿದ ತಾಯಿಯೂ ಕೈಯಲ್ಲೊಂದು ಮೊಬೈಲೂ ಇದ್ದ ಮನೆಯ ಮಗುವಿಗೆ ಪಾಠವು ಹೇಗೋ ನಡೆಯಿತು. ಕಬ್ಬು ಕಡಿಯುವವರ, ಬೀಡಿ ಕಟ್ಟುವವರ ಮನೆಯ ಮಗುವಿಗೆ ಅದು ನಿಂತೇ ಹೋಯಿತು. ಬಳ್ಳಾರಿಯ ಕಲೆಕ್ಟರನು 1823ರಲ್ಲಿ ಕಂಡದ್ದನ್ನೇ, ಅಂದರೆ ಬಡತನವು ಮಕ್ಕಳನ್ನು ಓದಿನಿಂದ ದುಡಿಮೆಗೆ ಎಳೆಯುವದನ್ನೇ, ನಾವು ಮತ್ತೆ ಕಂಡೆವು. ಆ ವರ್ಷದ ಆಗಸ್ಟದಲ್ಲಿ ಕರ್ನಾಟಕ ಸರಕಾರವು 'ವಿದ್ಯಾಗಮ'ವೆಂಬ ಯೋಜನೆಯನ್ನು ನಡೆಸಿತು. ಶಿಕ್ಷಕರು ಓಣಿಗಳಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಹತ್ತಾರು ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ರೋಗದ ಭಯದಿಂದ ಅಕ್ಟೋಬರದಲ್ಲಿ ಅದು ನಿಂತಿತು. ಆ ಕೆಲವು ವಾರಗಳಲ್ಲಿ ಐಗಳ ಮಠವೇ ಮರಳಿ ಬಂದಂತೆ ಕಂಡಿತು. ಆದರೆ ಈ ಸಲದ ಕಟ್ಟೆಯಲ್ಲಿ ಹೆಣ್ಣುಮಕ್ಕಳಿದ್ದರು, ಎಲ್ಲ ಕೇರಿಗಳ ಮಕ್ಕಳಿದ್ದರು. ಕಲಿಸುವವರ ಸಂಬಳವನ್ನು ಸರಕಾರವು ಕೊಡುತ್ತಿತ್ತು, ಮಹಾನವಮಿಯ ಚೌಪದಿಯಲ್ಲ.

ಈಗಿನ ಕಾಯಿದೆಯ ಮಾತೂ ಇಷ್ಟಿದೆ. 2002ರ ತಿದ್ದುಪಡಿಯಿಂದ ರಾಜ್ಯಘಟನೆಯಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಕಾಯಿದೆಯು 2010ರ ಏಪ್ರಿಲ 1ರಿಂದ ಜಾರಿಗೆ ಬಂದಿತು. ಮಗುವನ್ನು ಶಾಲೆಗೆ ಸೇರಿಸುವದು ತಂದೆತಾಯಿಗಳ ಕರ್ತವ್ಯವೆಂದು ಅದು ಹೇಳುವದು. ಸೇರಿಸದವರಿಗೆ ಶಾಹೂ ಮಹಾರಾಜರಂತೆ ದಂಡವನ್ನು ವಿಧಿಸಿಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಮನೆಯಲ್ಲಿ ಓದಿದವರೂ ಪರೀಕ್ಷೆಗೆ ಕುಳ್ಳಿರಬಹುದು. ಆದಕಾರಣ ಮನೆಯಲ್ಲಿ ಕಲಿಸಬಯಸುವವರ ದಾರಿಯು ಮುಚ್ಚಿಲ್ಲ. ಸಾಮರ್ಥ್ಯವಿದ್ದವರು ಆ ದಾರಿಯನ್ನು ಹಿಡಿದರೆ ಅವರನ್ನು ಹಳಿಯಲು ಕಾರಣವೂ ಇಲ್ಲ.

ನಾವು ಹೇಳಬಯಸುವದು ಇಷ್ಟೇ. ಮಠದಲ್ಲಿದ್ದ ಒಳ್ಳೆಯ ಗುಣಗಳು, ಅಂದರೆ ಮಗುವಿನ ನಡಿಗೆಗೆ ತಕ್ಕ ಪಾಠ, ತಾಯ್ನುಡಿಯ ಕಲಿಕೆ, ಸುಗ್ಗಿ-ಹಬ್ಬಗಳೊಡನೆ ಹೊಂದುವ ದಿನಮಾನ, ಕಸಬಿನ ಮೇಲಿನ ಆದರ, ಇವು ಇಂದಿನ ಶಾಲೆಗೆ ಬರಬೇಕು. ಅಥಣಿಯ ಶಾಲೆಯಲ್ಲಿ ಚಪ್ಪಲಿ ಹೆಣೆಯುವ ತಾಯಿಯೊಬ್ಬಳು ಬಂದು ಮಕ್ಕಳಿಗೆ ತನ್ನ ವಿದ್ಯೆಯನ್ನು ತೋರಿಸಿದರೆ ಶಾಲೆಯ ಗೌರವಕ್ಕೆ ಕುಂದಿಲ್ಲ, ಶೋಭೆಯೇ ಉಂಟು. ಆದರೆ ಉಳ್ಳವರು ತಮ್ಮ ಮಕ್ಕಳನ್ನು ಹೊರಗೆ ತೆಗೆದುಕೊಂಡು ಸಾರ್ವಜನಿಕ ಶಾಲೆಯ ಚಿಂತೆಯನ್ನೇ ಬಿಟ್ಟುಬಿಟ್ಟರೆ, ಉಳಿದವರ ಮಕ್ಕಳಿಗೆ 1823ರ ಸ್ಥಿತಿಯೇ ಗತಿಯಾದೀತು. ಆರು ಸಾವಿರದ ಆರು ನೂರ ನಲವತ್ತೊಂದರಲ್ಲಿ ಅರವತ್ತು ಹೆಣ್ಣುಮಕ್ಕಳು: ಈ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು, ಮಗುವನ್ನು ಎಲ್ಲಿ ಕಲಿಸಬೇಕೆಂಬ ವಿಚಾರವನ್ನು ಪ್ರತಿಯೊಬ್ಬರೂ ಮಾಡಲಿ. ನಮ್ಮ ಮನೆಯಲ್ಲಿ ದೀಪವಿರಬಹುದು. ನೆರೆಮನೆಯ ಕತ್ತಲೆಗೆ ಊರ ನಡುವಿನ ದೀಪವೇ ಬೇಕು. ಅದಕ್ಕೆ ಎಣ್ಣೆ ಹೊಯ್ಯುವ ಹೊಣೆ ನಮ್ಮೆಲ್ಲರದು.